ನೀರು ಬಿಟ್ಟರೆ ಸ್ತನ ಕ್ಯಾನ್ಸರ್ ಹರಡುವುದಿಲ್ಲವಂತೆ, ಹೌದೇ?

ನೀರ್ಚಾಲಿನವಳು · ಶನಿವಾರ ರಾತ್ರಿ 9.12

ಎಲ್ಲರಿಗೂ ನಮಸ್ಕಾರ. ಗಾಬರಿಯಲ್ಲಿ ಬರೆಯುತ್ತಿದ್ದೇನೆ, ಹಿಂದುಮುಂದಾದರೆ ಹೊಂದಿಸಿಕೊಂಡು ಓದಿ.

ಅಮ್ಮನಿಗೆ 58 ವರ್ಷ. ಎಡ ಸ್ತನದ ಗಂಟನ್ನು ಮಳೆಗಾಲದಲ್ಲಿ ಮಂಗಳೂರಿನಲ್ಲಿ ತೆಗೆಸಿದೆವು. ಕಂಕುಳಿನ ಎರಡು ಗ್ರಂಥಿಗಳಿಗೂ ಇಳಿದಿದೆ ಎಂದರು, ಹಾಗಾಗಿ ಕೀಮೋ. ಗುರುವಾರ ಎರಡನೆಯ ಸುತ್ತು ಮುಗಿಸಿಕೊಂಡು ಬಂದೆವು. ಮೊದಲ ಸುತ್ತಿನ ನಂತರ ಅಮ್ಮ ತಾಮ್ರದ ಚೆಂಬನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟುಕೊಂಡು ಗಂಟೆಗೊಮ್ಮೆ ಕುಡಿಯುತ್ತಿದ್ದಳು. ಈ ಸಲ ಬೆಳಗ್ಗೆ ತುಂಬಿಸಿಟ್ಟ ಚೆಂಬು ಸಂಜೆಗೂ ಕಂಠಮಟ್ಟ ಹಾಗೆಯೇ ಇದೆ. ಕೇಳಿದರೆ ‘ಬಾಯಿಗೆ ಸೇರುವುದಿಲ್ಲ’ ಎನ್ನುತ್ತಾಳೆ. ಇವತ್ತು ಅವಳ ಮೊಬೈಲಿಗೆ ರೀಚಾರ್ಜ್ ಮಾಡಲು ಹೋದಾಗ ಕಾರಣ ಸಿಕ್ಕಿತು. ಕುಟುಂಬದ ಗುಂಪಿಗೆ ಬಂದ ಸಂದೇಶ, ಇದ್ದ ಹಾಗೆಯೇ ಹಾಕುತ್ತೇನೆ:

‘ನೊಬೆಲ್ ವಿಜ್ಞಾನಿ ಕಂಡುಹಿಡಿದ ಸತ್ಯ! ಕ್ಯಾನ್ಸರ್ ಕೋಶಗಳಿಗೆ ನೀರಿನ ಕೊಳವೆಗಳಿವೆ. ಆ ನೀರಿನ ಬಲದಿಂದಲೇ ಸ್ತನ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ. ದಿನಕ್ಕೆ ಎರಡೇ ಲೋಟ ನೀರು ಕುಡಿಯಿರಿ, ಕ್ಯಾನ್ಸರ್ ಒಣಗಿ ಸಾಯುತ್ತದೆ. ಹತ್ತು ಜನರಿಗೆ ಕಳುಹಿಸಿ.’

ನೊಬೆಲ್ ಎಂದೆಲ್ಲ ಇರುವುದರಿಂದ ಪೂರ್ತಿ ಸುಳ್ಳು ಎನ್ನಲು ನನಗೂ ಧೈರ್ಯ ಬರಲಿಲ್ಲ. ಗೊತ್ತಿದ್ದವರು ಬಿಡಿಸಿ ಹೇಳಿ. ಬರೀ ‘ಕುಡಿ’ ಎಂದರೆ ಕೇಳುವವಳಲ್ಲ ಅಮ್ಮ, ಇಪ್ಪತ್ತೆಂಟು ವರ್ಷ ಅಂಗನವಾಡಿ ನಡೆಸಿದವಳು. ಕಾರಣ ಕೊಡಬೇಕು.

ಉಪ್ಪಳದ ಮದ್ದಿನಂಗಡಿ · ರಾತ್ರಿ 9.31

ಅಕ್ಕ, ಕಾರಣ ಆಮೇಲೆ ನೋಡೋಣ. ಮೊದಲು ಆಸ್ಪತ್ರೆಯ ಚೀಟಿಯಲ್ಲಿ ಸೈಕ್ಲೋಫಾಸ್ಫಮೈಡ್ ಎಂಬ ಹೆಸರಿದೆಯೇ ನೋಡಿ. ಇದ್ದರೆ ಇವತ್ತು ರಾತ್ರಿಯೇ ಅಮ್ಮ ನೀರು ಕುಡಿಯಬೇಕು.

ಆ ಮದ್ದು ದೇಹದಲ್ಲಿ ಒಡೆದಾಗ ಅಕ್ರೋಲಿನ್ ಎಂಬ ಉರಿಯುವ ವಸ್ತು ಹುಟ್ಟುತ್ತದೆ. ಅದು ಮೂತ್ರದಲ್ಲಿ ಹೊರಹೋಗುವ ಮೊದಲು ಮೂತ್ರಕೋಶದಲ್ಲಿ ಕೂಡುತ್ತದೆ. ನೀರು ಸಾಕಷ್ಟು ಹೋದರೆ ತೆಳುವಾಗಿ ಬೇಗ ತೊಳೆದುಹೋಗುತ್ತದೆ. ಇಲ್ಲದಿದ್ದರೆ ಅಲ್ಲಿಯೇ ನಿಂತು ಗೋಡೆಯನ್ನು ಸುಡುತ್ತದೆ, ಮೂತ್ರದಲ್ಲಿ ರಕ್ತ ಬರುವವರೆಗೂ ಹೋಗಬಹುದು. ‘ಚೆನ್ನಾಗಿ ನೀರು ಕುಡಿಯಿರಿ’ ಎಂದು ಆಸ್ಪತ್ರೆಯವರು ಹೇಳುವುದು ಉಪಚಾರದ ಮಾತಲ್ಲ, ಅದೂ ಮದ್ದಿನ ಭಾಗ.

ಡಾಕ್ಸೊರುಬಿಸಿನ್ ಎಂದೂ ಇದ್ದರೆ, ಅದು ಕೆಂಪು ಬಣ್ಣದ ಮದ್ದು. ಒಂದೆರಡು ದಿನ ಮೂತ್ರ ಕೆಂಪಾಗುವುದು ಸಹಜ. ಆದರೆ ಗುರುವಾರ ಕೊಟ್ಟದ್ದು ನಾಳೆಯೂ ಕೆಂಪಾಗಿಯೇ ಇದ್ದರೆ, ಉರಿ ಇದ್ದರೆ, ಜ್ವರ ಬಂದರೆ, ಮಾತ್ರೆ ನುಂಗಿಸಿ ಕಾಯಬೇಡಿ, ಆಸ್ಪತ್ರೆಗೆ ಫೋನ್ ಮಾಡಿ. ಹೃದಯದ್ದೋ ಮೂತ್ರಪಿಂಡದ್ದೋ ತೊಂದರೆ ಮೊದಲೇ ಇದ್ದರೆ ಎಷ್ಟು ಕುಡಿಯಬೇಕೆಂಬ ಅಳತೆಯನ್ನು ಅವರೇ ಹೇಳಬೇಕು.

ನೀರ್ಚಾಲಿನವಳು · ರಾತ್ರಿ 9.58

ಎರಡೂ ಹೆಸರು ಇವೆ. ಮೂತ್ರ ಈಗ ತಿಳಿಯಾಗಿದೆಯಂತೆ, ಉರಿ ಇಲ್ಲ. ಹೃದಯ, ಮೂತ್ರಪಿಂಡದ ತೊಂದರೆಯೂ ಇಲ್ಲ. ನಿಮ್ಮ ಬರಹವನ್ನು ಅಮ್ಮನಿಗೆ ಓದಿ ಹೇಳಿದೆ. ಅರ್ಧ ಲೋಟ ಜೀರಿಗೆ ನೀರು ಕುಡಿದು, ‘ಮದ್ದಿನಂಗಡಿಯವರು ಹೇಳಿದ್ದು ಮೂತ್ರಕೋಶದ ವಿಷಯ, ಕ್ಯಾನ್ಸರಿನ ವಿಷಯ ಯಾರು ಹೇಳುತ್ತಾರೆ?’ ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ.

ಒಂದು ಮಾತು ಹೇಳಿಬಿಡುತ್ತೇನೆ. ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿದೆ. ನಮ್ಮ ಊರು ಕೇರಳಕ್ಕೆ ಸೇರಿದ್ದು, ಇಲ್ಲಿ ಮನೆಗೆ ಬಂದವರು ಕೊಟ್ಟ ಕೀಮೋ ಕರಪತ್ರ ಮಲಯಾಳದಲ್ಲಿದೆ. ಕನ್ನಡ ಶಾಲೆಯಲ್ಲಿ ಕಲಿತ ಅಮ್ಮನಿಗೆ ಅರ್ಥವಾಗುವ ಭಾಷೆಯಲ್ಲಿ, ಈ ಆರು ತಿಂಗಳಲ್ಲಿ, ಅವಳ ಕಾಯಿಲೆಯ ಬಗ್ಗೆ ಬಂದ ಕಾಗದ ಒಂದೇ: ಆ ವಾಟ್ಸಾಪ್ ಸಂದೇಶ.

ಕುಂಬಳೆ ಮಾಷ್ಟ್ರು · ಭಾನುವಾರ ಬೆಳಗ್ಗೆ 6.20

ಮಗಳೇ, ಸಂದೇಶದ ಮೊದಲ ಎರಡು ವಾಕ್ಯಗಳಲ್ಲಿ ನಿಜದ ಅಂಶ ಇದೆ. ಅದಕ್ಕೇ ಅದು ನಡೆಯುತ್ತದೆ. ಪೂರ್ತಿ ಸುಳ್ಳಿಗೆ ಕಾಲಿರುವುದಿಲ್ಲ.

ಜೀವಕೋಶದ ಪೊರೆ ಕೊಬ್ಬಿನದ್ದು. ಕೊಬ್ಬಿನೊಳಗೆ ನೀರು ತೂರುವುದು ಬಲು ನಿಧಾನ. ಆದರೆ ಕೆಂಪು ರಕ್ತಕಣವನ್ನು ತಿಳಿನೀರಿಗೆ ಹಾಕಿ ನೋಡಿ, ಕ್ಷಣದಲ್ಲಿ ಉಬ್ಬಿ ಒಡೆಯುತ್ತದೆ. ನಾನು ಪಾಠ ಮಾಡಲು ತೊಡಗಿದ ಕಾಲದಲ್ಲಿ ಇದಕ್ಕೆ ‘ಅಭಿಸರಣೆ’ ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದೆವು. ಅಷ್ಟು ವೇಗ ಎಲ್ಲಿಂದ ಎಂದು ಯಾವ ಹುಡುಗನೂ ಕೇಳಲಿಲ್ಲ, ಕೇಳಿದ್ದರೆ ನಾನು ಗದರುತ್ತಿದ್ದೆನೋ ಏನೋ.

ಅಮೆರಿಕದ ಪೀಟರ್ ಆಗ್ರೆ ರಕ್ತದ ಆರ್‌ಎಚ್ ಗುಂಪಿನ ಪ್ರೋಟೀನನ್ನು ಶುದ್ಧಮಾಡುತ್ತಿದ್ದಾಗ ಕರೆಯದೆ ಬಂದ ನೆಂಟನಂತೆ ಇನ್ನೊಂದು ಪ್ರೋಟೀನ್ ಪ್ರತಿ ಸಲವೂ ಜೊತೆಗೆ ಬರುತ್ತಿತ್ತು. ಅದೇನೆಂದು ಪರೀಕ್ಷಿಸಲು 1992ರಲ್ಲಿ ಅವರ ತಂಡ ಕಪ್ಪೆಯ ಮೊಟ್ಟೆಯನ್ನು ಆರಿಸಿಕೊಂಡಿತು. ಕಪ್ಪೆಯ ಮೊಟ್ಟೆ ಕೆರೆಯ ನೀರಿನಲ್ಲೇ ಇರುತ್ತದೆ, ಉಬ್ಬುವುದಿಲ್ಲ, ಅದರ ಪೊರೆ ನೀರನ್ನು ಅಷ್ಟಾಗಿ ಬಿಡುವುದಿಲ್ಲ. ಆ ಪ್ರೋಟೀನ್ ತಯಾರಿಸುವ ಆರ್‌ಎನ್‌ಎಯನ್ನು ಮೊಟ್ಟೆಗೆ ಚುಚ್ಚಿ, ಕೆಲವು ದಿನ ಬಿಟ್ಟು, ತೆಳುದ್ರಾವಣಕ್ಕೆ ಹಾಕಿದರು. ಪಕ್ಕದ ಸಾದಾ ಮೊಟ್ಟೆ ತಣ್ಣಗೆ ಕುಳಿತಿತ್ತು. ಚುಚ್ಚಿದ ಮೊಟ್ಟೆ ಕೆಲವೇ ನಿಮಿಷಗಳಲ್ಲಿ ಉಬ್ಬಿ ಪಟ್ಟನೆ ಒಡೆಯಿತು. ನೀರಿನ ಬಾಗಿಲು ಸಿಕ್ಕಿತು. ಅದಕ್ಕೆ ಅಕ್ವಾಪೊರಿನ್ ಎಂದು ಹೆಸರಾಯಿತು. 2003ರಲ್ಲಿ ಆಗ್ರೆಗೆ ರಸಾಯನಶಾಸ್ತ್ರದ ನೊಬೆಲ್, ಅಯಾನುಗಳ ಕಾಲುವೆಯ ಮೇಲೆ ಕೆಲಸ ಮಾಡಿದ ರೊಡೆರಿಕ್ ಮ್ಯಾಕಿನನ್ ಜೊತೆಗೆ ಹಂಚಿಕೆ.

ಒಂದು ಅಕ್ವಾಪೊರಿನ್ ಕಾಲುವೆಯಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ದಾಟುತ್ತವೆ. ಅದೂ ಒಂದರ ಹಿಂದೆ ಒಂದು, ಮಧೂರು ಜಾತ್ರೆಯ ಪ್ರಸಾದದ ಸಾಲಿನಂತೆ. ಅತಿ ಕಿರಿದಾದ ಜಾಗದ ಅಗಲ 0.3 ನ್ಯಾನೊಮೀಟರಿಗಿಂತಲೂ ಕಡಿಮೆ. ಮನುಷ್ಯನಲ್ಲಿ ಇಂಥ ಕಾಲುವೆಗಳು 13 ಬಗೆ, ಸೊನ್ನೆಯಿಂದ ಹನ್ನೆರಡರವರೆಗೆ ಅಂಕೆ ಕೊಟ್ಟಿದ್ದಾರೆ.

ಇಂಗ್ಲಿಷಿನಲ್ಲಿ ಇದನ್ನು ನೀರಿನ ಕಾಲುವೆ ಎನ್ನುತ್ತಾರೆ. ನಿಮ್ಮ ಊರಿನ ಹೆಸರಿಗಿಂತ ಒಳ್ಳೆಯ ಅನುವಾದ ನನಗೆ ತೋಚುವುದಿಲ್ಲ: ನೀರ್ಚಾಲು.

ಮುಳ್ಳೇರಿಯದ ಬೆಕ್ಕು · ಬೆಳಗ್ಗೆ 8.05

ಮಾಷ್ಟ್ರೇ, ಈ ಅನುವಾದವನ್ನು ನಾನು ಕದಿಯುತ್ತೇನೆ. ನಾನು ಕೋಶಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಡಾಕ್ಟರ್ ಅಲ್ಲ, ಚಿಕಿತ್ಸೆಯ ಮಾತು ಆಡುವುದಿಲ್ಲ. ಕ್ಯಾನ್ಸರಿನ ಭಾಗವನ್ನು ಹೇಳುತ್ತೇನೆ.

ಸ್ತನ ಕ್ಯಾನ್ಸರಿನಲ್ಲಿ ಜೀವಕ್ಕೆ ಎರವಾಗುವುದು ಬಹುಪಾಲು ಸ್ತನದಲ್ಲಿರುವ ಗಂಟಲ್ಲ. ಅಲ್ಲಿಂದ ಹೊರಟು ಎಲುಬು, ಶ್ವಾಸಕೋಶ, ಯಕೃತ್ತು, ಮಿದುಳಿನಲ್ಲಿ ಬೀಡುಬಿಟ್ಟ ಕೋಶಗಳು. ಹೊರಡಬೇಕಾದರೆ ಕೋಶ ತೆವಳಬೇಕು. ತೆವಳುವ ಕೋಶದ ಮುಂದಂಚು ತೆಳ್ಳಗೆ ಚಾಚಿಕೊಳ್ಳುತ್ತದೆ, ಕಾವಲಿಯಲ್ಲಿ ನೀರುದೋಸೆಯ ಅಂಚಿದ್ದಂತೆ. ಅದರೊಳಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಉದ್ದವಾಗುತ್ತ ಪೊರೆಯನ್ನು ದೂಡುತ್ತವೆ. ನೀರ್ಚಾಲುಗಳು ಆ ಮುಂದಂಚಿನಲ್ಲಿಯೇ ಗುಂಪುಗೂಡುವುದನ್ನು ನೋಡಿದ್ದಾರೆ. ಅಲ್ಲಿ ನೀರು ಒಳಬಂದಾಗ ಪೊರೆ ಕೊಂಚ ಉಬ್ಬುತ್ತದೆ, ಎಳೆಗಳಿಗೆ ಬೆಳೆಯಲು ಜಾಗವಾಗುತ್ತದೆ ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ.

2005ರಲ್ಲಿ ಒಂದನೆಯ ಬಗೆಯ ಕಾಲುವೆ ಇಲ್ಲದ ಇಲಿಗಳಲ್ಲಿ ಗಡ್ಡೆಗೆ ಹೊಸ ರಕ್ತನಾಳಗಳು ಸರಿಯಾಗಿ ಬೆಳೆಯುವುದಿಲ್ಲವೆಂದು ಕಂಡಿತು. ನಾಳದ ಕೋಶಗಳ ತೆವಳಾಟವೇ ನಿಧಾನವಾಗಿತ್ತು. ಮರುವರ್ಷ ಅದೇ ಪ್ರಯೋಗಾಲಯದವರು ಇಲಿಯ ಸ್ತನ ಕ್ಯಾನ್ಸರ್ ಕೋಶಗಳಿಗೆ ಮತ್ತು ಚರ್ಮದ ಮೆಲನೋಮಾ ಕೋಶಗಳಿಗೆ ಈ ಕಾಲುವೆಯನ್ನು ಹೆಚ್ಚಾಗಿ ಕೊಟ್ಟು ನೋಡಿದರು. ಕೋಶಗಳ ಬೆಳವಣಿಗೆಯಲ್ಲಿ ವ್ಯತ್ಯಾಸವಾಗಲಿಲ್ಲ, ಚಲನೆ ಮಾತ್ರ ಚುರುಕಾಯಿತು; ಇಲಿಯ ರಕ್ತಕ್ಕೆ ಬಿಟ್ಟಾಗ ಶ್ವಾಸಕೋಶಕ್ಕೆ ಹೆಚ್ಚು ಹರಡಿದವು. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಇದೇ: ಈ ಕಾಲುವೆ ಇಲ್ಲಿ ಹುಟ್ಟಿಸಿದ್ದು ಕ್ಯಾನ್ಸರನ್ನಲ್ಲ, ಕಾಲನ್ನು.

ಐದನೆಯ ಬಗೆಯದ್ದು ನಮ್ಮ ಜೊಲ್ಲು, ಕಣ್ಣೀರಿನ ಗ್ರಂಥಿಗಳಲ್ಲಿ ದಿನವೂ ದುಡಿಯುವಂಥದ್ದು. 2011ರಲ್ಲಿ, ಮನುಷ್ಯರ ಸ್ತನ ಕ್ಯಾನ್ಸರಿನಿಂದ ಬೆಳೆಸಿದ ಕೋಶಗಳಲ್ಲಿ ಅದನ್ನು ತಗ್ಗಿಸಿದಾಗ ಬೆಳವಣಿಗೆಯೂ ಚಲನೆಯೂ ಕುಗ್ಗಿದವು. ಮೂರನೆಯದರ ಕಥೆ ಬೇರೆ. ಅದು ನೀರಲ್ಲದೆ ಗ್ಲಿಸರಾಲ್ ಬಿಡುತ್ತದೆ, ಹೈಡ್ರೋಜನ್ ಪೆರಾಕ್ಸೈಡನ್ನೂ ಬಿಡುತ್ತದೆ. ಆ ಪೆರಾಕ್ಸೈಡ್ ಕೋಶದೊಳಗೆ ‘ನಡೆ’ ಎಂಬ ಸಂಕೇತವಾಗಿ ಕೆಲಸ ಮಾಡುತ್ತದೆ. ಅಂದರೆ ‘ನೀರಿನ ಬಲ’ ಎಂಬುದು ಇಲ್ಲಿ ಪೂರ್ತಿ ನೀರಿನದ್ದೂ ಅಲ್ಲ.

ತಲಪಾಡಿ ಗೇಟು · ಬೆಳಗ್ಗೆ 8.40

ಇಷ್ಟೆಲ್ಲ ಓದಿದ ಮೇಲೆ ಸಂದೇಶ ಬರೆದವನೇ ಸರಿ ಅನಿಸುತ್ತಿದೆಯಲ್ಲ ಸ್ವಾಮಿ! ನೀರು ಒಳಗೆ ಹೋದರೆ ಕೋಶ ಮುಂದೆ ಹೋಗುತ್ತದೆ ಎಂದು ನೀವೇ ಹೇಳಿದಿರಿ.

ಮುಳ್ಳೇರಿಯದ ಬೆಕ್ಕು · ಬೆಳಗ್ಗೆ 9.02

ಕೇಳಿದ್ದು ಒಳ್ಳೆಯದಾಯಿತು. ನೀರು ಒಳಗೆ ಹೋಗುವುದು ಹೊರಗೆ ನೀರು ಜಾಸ್ತಿ ಇದೆ ಎಂದಲ್ಲ. ನೀರು ಉಪ್ಪಿನ ಹಿಂದೆ ಹೋಗುತ್ತದೆ. ಕೋಶ ತನ್ನ ಮುಂದಂಚಿನಲ್ಲಿ ಸೋಡಿಯಮ್ಮನ್ನು ಒಳಕ್ಕೆ ಎಳೆದುಕೊಂಡರೆ ನೀರು ಅದರ ಬೆನ್ನು ಹಿಡಿಯುತ್ತದೆ. ನೀರ್ಚಾಲು ತೆರೆದ ಬಾಗಿಲು, ಪಂಪಲ್ಲ.

ನೀವು ಎರಡು ಲೋಟ ಕುಡಿದರೂ ಹತ್ತು ಲೋಟ ಕುಡಿದರೂ ಕೋಶಗಳ ಸುತ್ತಲಿನ ದ್ರವದ ಉಪ್ಪಿನ ಹದವನ್ನು ದೇಹ ಬಲು ಇಕ್ಕಟ್ಟಿನ ಮಿತಿಯಲ್ಲಿ ಕಾಯುತ್ತದೆ. ಹೇಗೆ ಎಂಬುದು ತಮಾಷೆಯಾಗಿದೆ. ನೀರು ಕಡಿಮೆಯಾದರೆ ಮಿದುಳಿನಿಂದ ವ್ಯಾಸೊಪ್ರೆಸಿನ್ ಹಾರ್ಮೋನು ಇಳಿದುಬರುತ್ತದೆ. ಅದು ಮೂತ್ರಪಿಂಡಕ್ಕೆ ಹೇಳುವುದೇನು? ಎರಡನೆಯ ಬಗೆಯ ನೀರ್ಚಾಲುಗಳನ್ನು ಇನ್ನಷ್ಟು ಪೊರೆಗೆ ಜೋಡಿಸು, ಮೂತ್ರದಿಂದ ನೀರನ್ನು ಮರಳಿ ಎಳೆದುಕೋ, ಎಂದು. ನೀರು ಬಿಟ್ಟವರ ಮೈಯಲ್ಲಿ ಮೊದಲು ಆಗುವುದು ನೀರ್ಚಾಲುಗಳು ಹೆಚ್ಚುವುದು! ಮೂತ್ರ ಮಂದವಾಗುತ್ತದೆ, ಮದ್ದಿನಂಗಡಿಯವರು ಹೇಳಿದ ಅಕ್ರೋಲಿನ್ ಅಲ್ಲಿಯೇ ಕುದಿಯುತ್ತದೆ. ಕ್ಯಾನ್ಸರ್ ಕೋಶಕ್ಕೆ ಇದರ ಬಿಸಿಯೇ ತಟ್ಟುವುದಿಲ್ಲ. ಒಣಗುವುದು ಮನುಷ್ಯ.

ಬಾಯಾರಿನ ಸುರಂಗ · ಬೆಳಗ್ಗೆ 10.15

ವಿಜ್ಞಾನ ತಿಳಿಯದವನು ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಬೆಕ್ಕಣ್ಣ, ಈ ಕೋಶ ಇಕ್ಕಟ್ಟಿನಲ್ಲಿ ಹೇಗೆ ಹೋಗುತ್ತದೆ? ಮೈಯೊಳಗೆ ಗದ್ದೆಯ ಬಯಲಿನಂತೆ ಜಾಗ ಇರುವುದಿಲ್ಲವಷ್ಟೆ.

ಕೇಳಲು ಕಾರಣ ಇದೆ. ನನ್ನ ಅಜ್ಜ ನೀರಿಗಾಗಿ ಸುರಂಗ ಕೊರೆಯುತ್ತಿದ್ದವರು. ಗುಡ್ಡದ ಮುರಕಲ್ಲಿನೊಳಗೆ ಅಡ್ಡಕ್ಕೆ, ಒಬ್ಬನೇ ನುಗ್ಗುವಷ್ಟು ಅಗಲ. ಬಗ್ಗಿಯೇ ಕೆಲಸ. ಮೇಣದ ಬತ್ತಿ ಉರಿಯುವುದು ಸಣ್ಣದಾದರೆ ಗಾಳಿ ಮುಗಿಯಿತು ಎಂದು ಹೊರಗೆ ಬರಬೇಕು. ಅಜ್ಜ ಮುಂದಿನ ಮಣ್ಣನ್ನು ಪಿಕ್ಕಾಸಿನಿಂದ ಕೆಡವಿ ಕಾಲಿನ ಸಂದಿಯಿಂದ ಹಿಂದಕ್ಕೆ ಎಳೆದುಬಿಡುತ್ತಿದ್ದರು, ಹಿಂದಿದ್ದವರು ಬುಟ್ಟಿಯಲ್ಲಿ ಹೊರಗೆ ಸಾಗಿಸುತ್ತಿದ್ದರು. ‘ಗುಡ್ಡವನ್ನು ಮುಂದಿನಿಂದ ತೆಗೆದು ಹಿಂದಕ್ಕೆ ಹಾಕಿದರೆ ಮನುಷ್ಯ ತಾನೇ ಒಳಗೆ ಹೋಗುತ್ತಾನೆ’ ಎನ್ನುತ್ತಿದ್ದರು. ಕೋಶವೂ ಹಾಗೆಯೇನೋ ಅನಿಸಿತು. ತಪ್ಪಿದ್ದರೆ ನಗಬೇಡಿ.

ಮುಳ್ಳೇರಿಯದ ಬೆಕ್ಕು · ಬೆಳಗ್ಗೆ 10.50

ನಗುವುದೇ? ಎದ್ದು ನಿಂತು ಓದಿದೆ, ಮಾರಾಯರೇ.

2014ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ನೀವು ಕೇಳಿದ್ದನ್ನೇ ಪರೀಕ್ಷಿಸಿದ್ದರು. ಕೋಶಕ್ಕಿಂತಲೂ ಕಿರಿದಾದ, ಕೆಲವೇ ಮೈಕ್ರಾನ್ ಅಗಲದ ಓಣಿಗಳನ್ನು ಮಾಡಿ ಅದರೊಳಗೆ ಗಡ್ಡೆಯ ಕೋಶಗಳನ್ನು ಬಿಟ್ಟರು, ಸ್ತನ ಕ್ಯಾನ್ಸರಿನವೂ ಇದ್ದವು. ನಂತರ ಆಕ್ಟಿನ್ ಎಳೆಗಳ ಕೆಲಸವನ್ನು ಮದ್ದು ಹಾಕಿ ನಿಲ್ಲಿಸಿದರು. ಬಯಲಿನಲ್ಲಾದರೆ ಕೋಶ ಅಲ್ಲಿಯೇ ನಿಲ್ಲಬೇಕಿತ್ತು. ಓಣಿಯೊಳಗೆ ಅದು ಮುಂದೆ ಹೋಯಿತು! ಓಣಿಯನ್ನು ಪೂರ್ತಿ ತುಂಬಿಕೊಂಡ ಕೋಶ ಮುಂದಿನ ಅಂಚಿನಿಂದ ನೀರು ತೆಗೆದುಕೊಂಡು ಹಿಂದಿನ ಅಂಚಿನಿಂದ ಬಿಡುತ್ತಿತ್ತು. ಸೋಡಿಯಂ ಎಳೆಯುವ ಪ್ರೋಟೀನೂ ಐದನೆಯ ಬಗೆಯ ನೀರ್ಚಾಲೂ ಅದಕ್ಕೆ ಬೇಕಿದ್ದವು. ಅವನ್ನು ತಗ್ಗಿಸಿದಾಗ ನಡೆ ಕುಂಟಿತು. ಗುಡ್ಡವನ್ನು ಮುಂದಿನಿಂದ ತೆಗೆದು ಹಿಂದಕ್ಕೆ ಹಾಕುವುದು, ನಿಮ್ಮ ಅಜ್ಜ ಹೇಳಿದ್ದೇ.

ಒಂದು ಕಡೆ ಮಾತ್ರ ಹೋಲಿಕೆ ತಪ್ಪುತ್ತದೆ. ಅಜ್ಜನ ಕೈಯಲ್ಲಿ ಪಿಕ್ಕಾಸಿತ್ತು. ಆ ಪ್ರಯೋಗದ ಕೋಶ ಏನನ್ನೂ ಕೊರೆಯುತ್ತಿರಲಿಲ್ಲ, ದಾರಿ ಮೊದಲೇ ಇತ್ತು. ದೇಹದಲ್ಲಿ ಎಳೆಗಳ ನಡುವೆ, ನಾಳಗಳ ಪಕ್ಕದಲ್ಲಿ ಇಂಥ ಸಂದುಗಳಿವೆ, ಇಲ್ಲದ ಕಡೆ ಕೊರೆಯುವ ಕಿಣ್ವಗಳೂ ಕೋಶದ ಬಳಿ ಇವೆ. ಅದು ಬೇರೆಯೇ ಅಧ್ಯಾಯ.

ಪೆರ್ಲದ ಪಯಣಿಗ · ಮಧ್ಯಾಹ್ನ 12.30

ನಮ್ಮ ಕಡೆ 2000ದ ತನಕ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದಕ್ಕೂ ಈ ಕಾಲುವೆಗಳಿಗೂ ಸಂಬಂಧ ಉಂಟೇ?

ಮುಳ್ಳೇರಿಯದ ಬೆಕ್ಕು · ಮಧ್ಯಾಹ್ನ 12.41

ಎರಡನ್ನೂ ಒಂದೇ ದಾರದಲ್ಲಿ ಪೋಣಿಸಬೇಡಿ. ಎಂಡೋಸಲ್ಫಾನಿನ ನೋವು ತನ್ನಷ್ಟಕ್ಕೇ ದೊಡ್ಡದು, ಅದಕ್ಕೆ ನೀರ್ಚಾಲಿನ ಊರುಗೋಲು ಬೇಡ.

ತಲಪಾಡಿ ಗೇಟು · ಮಧ್ಯಾಹ್ನ 1.15

ಸರಿ, ನೀರಿನ ವಿಷಯ ಒಪ್ಪಿದೆ. ಹಾಗಾದರೆ ಬಾಗಿಲನ್ನೇ ಮುಚ್ಚುವ ಮದ್ದು ಯಾಕೆ ಇಲ್ಲ? ಹತ್ತೊಂಬತ್ತು ನೂರ ತೊಂಬತ್ತೆರಡರಿಂದ ಕುಳಿತು ಏನು ಮಾಡುತ್ತಿದ್ದಾರೆ?

ಮುಳ್ಳೇರಿಯದ ಬೆಕ್ಕು · ಮಧ್ಯಾಹ್ನ 2.20

ಊಟ ಮುಗಿಸಿ ಬಂದೆ. ಬಾಗಿಲು ಮುಚ್ಚುವ ವಸ್ತು ಮೊದಲ ದಿನದಿಂದಲೂ ಗೊತ್ತಿದೆ: ಪಾದರಸ. ಕಾಲುವೆಯ ಬಾಯಿಯ ಹತ್ತಿರ ಅಂಟಿಕೊಂಡು ದಾರಿ ತಡೆಯುತ್ತದೆ. ಪ್ರಯೋಗಾಲಯದಲ್ಲಿ ಅದು ಉಪಯುಕ್ತ, ಮನುಷ್ಯನಿಗೆ ವಿಷ. ಪಾದರಸ ಎಂದ ಕೂಡಲೇ ಭಸ್ಮ ಹುಡುಕಿಕೊಂಡು ಹೋಗುವವರಿದ್ದರೆ ಇಲ್ಲಿಯೇ ನಿಲ್ಲಿ.

ತೊಡಕು ಎರಡು. ಒಂದು, ಕಾಲುವೆ ತೀರಾ ಕಿರಿದು, ಅದರ ಒಳಗೆ ಮದ್ದಿನ ಅಣು ಹಿಡಿದು ಕೂರಲು ಚಡಿ ಸಿಗುವುದು ಕಷ್ಟ. ಇನ್ನೊಂದು ಅದಕ್ಕಿಂತ ದೊಡ್ಡದು. ಇದೇ ಕುಟುಂಬದ ಕಾಲುವೆಗಳು ಮೂತ್ರಪಿಂಡದಲ್ಲಿವೆ, ಕಣ್ಣಿನಲ್ಲಿವೆ, ಮಿದುಳಿನಲ್ಲಿವೆ. ಮಿದುಳಿನ ನಾಲ್ಕನೆಯ ಬಗೆಗೆ ದೇಹವೇ ತಪ್ಪಾಗಿ ಪ್ರತಿಕಾಯ ಮಾಡಿಕೊಂಡರೆ ಕಣ್ಣಿನ ನರ, ಬೆನ್ನುಹುರಿ ಕೆಡುವ ಕಾಯಿಲೆಯೇ ಇದೆ. ಒಂದನ್ನು ಮಾತ್ರ, ಗಡ್ಡೆಯಲ್ಲಿ ಮಾತ್ರ ಮುಚ್ಚಬೇಕು. ಚಿನ್ನದ ಸಂಯುಕ್ತಗಳು, ಮೂತ್ರ ಹೆಚ್ಚಿಸುವ ಮಾತ್ರೆಗಳಿಂದ ರೂಪಿಸಿದ ಅಣುಗಳು ಪ್ರಯೋಗಾಲಯದಲ್ಲಿವೆ. ಸ್ತನ ಕ್ಯಾನ್ಸರಿಗೆ ಡಾಕ್ಟರ್ ಬರೆದುಕೊಡುವಂಥ ನೀರ್ಚಾಲಿನ ಮದ್ದು ಇಲ್ಲ. ಯಾರಾದರೂ ಇದೆ ಎಂದು ಮಾರಿದರೆ ಅದು ಮೋಸ.

ನಿರ್ವಾಹಕರು · ಮಧ್ಯಾಹ್ನ 2.55

ಇದರ ಕೆಳಗೆ ‘ಕ್ಷಾರ ಜಲ’ದ ಯಂತ್ರವನ್ನು ಫೋನ್ ನಂಬರ್ ಸಹಿತ ಹಾಕಿದ್ದ ಬರಹವನ್ನು ತೆಗೆದಿದ್ದೇವೆ. ಬೆಕ್ಕು ಹೇಳಿ ಮುಗಿಸಿ ಅರ್ಧ ಗಂಟೆಯೂ ಆಗಿರಲಿಲ್ಲ.

ಅಡೂರಿನ ಅತ್ತೆ · ಸಂಜೆ 5.10

ನೀರ್ಚಾಲಿನ ತಂಗಿ, ನನಗೆ ಬಲಗಡೆಯದ್ದನ್ನು ತೆಗೆದು ಆರು ವರ್ಷವಾಯಿತು. ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು. ಎರಡನೆಯ ವರ್ಷ ಅಡಿಕೆ ಸುಲಿಯುವಾಗ ಬಳೆ ಬಿಗಿಯಾಯಿತು, ಆಮೇಲೆ ಮೊಣಕೈವರೆಗೆ ಬಾವು. ಆಗ ನಾನೂ ಹೀಗೆಯೇ ಮಾಡಿದ್ದೆ. ಕೈಯಲ್ಲಿ ನೀರು ತುಂಬಿದೆ ಎಂದರೆ ನೀರು ಕುಡಿಯಬಾರದು ಎಂದುಕೊಂಡು ಒಂದು ವಾರ ಬಾಯಿ ಒಣಗಿಸಿಕೊಂಡು ಕುಳಿತೆ. ಬಾವು ಇಳಿಯಲಿಲ್ಲ, ತಲೆ ತಿರುಗಿ ಬಚ್ಚಲಿನಲ್ಲಿ ಬಿದ್ದೆ.

ಫಿಸಿಯೋಥೆರಪಿಯ ಹುಡುಗಿ ಬಿಡಿಸಿ ಹೇಳಿದಳು. ಗ್ರಂಥಿಗಳನ್ನು ತೆಗೆದ ಮೇಲೆ ದುಗ್ಧರಸ ಹರಿದುಹೋಗುವ ದಾರಿ ಕಡಿಮೆಯಾಗಿದೆ, ಕುಡಿಯುವ ನೀರಿಗೂ ಅದಕ್ಕೂ ಲೆಕ್ಕವಿಲ್ಲ ಎಂದು. ಬಾವು ಒತ್ತಿಹಿಡಿಯುವ ಬಿಗಿಯಾದ ತೋಳುಚೀಲವನ್ನು ಕೈಗೆ ಹಾಕಿಕೊಂಡೆ, ಅವಳು ಹೇಳಿಕೊಟ್ಟ ವ್ಯಾಯಾಮ ಮಾಡಿದೆ, ಆ ಕೈಗೆ ಗಾಯವಾಗದಂತೆ ನೋಡಿಕೊಂಡೆ. ಈಗ ಬಳೆ ಹಾಕುತ್ತೇನೆ, ಗಾಜಿನದ್ದಲ್ಲ ಅಷ್ಟೇ. ಅಮ್ಮನಿಗೆ ಎಡಗೈ ಭಾರ ಅನಿಸಿದರೆ ಮುಚ್ಚಿಡದೆ ಹೇಳಲು ತಿಳಿಸು.

ಬಾಯಿಗೆ ನೀರು ಸೇರದಿದ್ದರೆ ನನಗೆ ಹಿಡಿಸಿದ್ದು ತೆಳ್ಳಗಿನ ಗಂಜಿತಿಳಿ ಮತ್ತು ಎಳನೀರು. ಲೋಹದ ಚೆಂಬು ಬಿಟ್ಟು ಗಾಜಿನ ಲೋಟದಲ್ಲಿ ಕೊಟ್ಟು ನೋಡು. ಕೀಮೋ ಕಾಲದಲ್ಲಿ ನನಗೆ ಎಲ್ಲವೂ ತುಕ್ಕು ನೆಕ್ಕಿದ ಹಾಗೆ ರುಚಿಸುತ್ತಿತ್ತು.

ಕುಂಬಳೆ ಮಾಷ್ಟ್ರು · ಸಂಜೆ 6.00

ಬೆಕ್ಕಿನವರೇ, ನೀವು ಬೆಳಗ್ಗೆ ಬರೆದದ್ದನ್ನು ನಾನು ಒಂದು ಪುಟಕ್ಕೆ ಇಳಿಸುತ್ತೇನೆ, ಮದ್ದಿನಂಗಡಿಯವರು ತಿದ್ದಲಿ. ಒಬ್ಬ ಕ್ಯಾನ್ಸರ್ ತಜ್ಞರ ಕೈಯಲ್ಲಿ ನೋಡಿಸದೆ ಹಂಚುವುದು ಬೇಡ. ಕನ್ನಡದಲ್ಲಿ ಸುಳ್ಳು ಮಾತ್ರ ಅಚ್ಚಾಗುತ್ತದೆ ಎಂದು ಆ ಮಗಳು ಬರೆದದ್ದು ನನಗೆ ರಾತ್ರಿಯಿಂದ ಚುಚ್ಚುತ್ತಿದೆ. ಮೂವತ್ತಮೂರು ವರ್ಷ ಈ ಭಾಷೆಯಲ್ಲಿ ಜೀವಶಾಸ್ತ್ರ ಕಲಿಸಿದವನು ನಾನು.

ಉಪ್ಪಳದ ಮದ್ದಿನಂಗಡಿ · ಸಂಜೆ 6.08

ಕಳುಹಿಸಿ ಮಾಷ್ಟ್ರೇ. ಅಕ್ಷರ ದೊಡ್ಡದಿರಲಿ. ‘ಯಾವಾಗ ಫೋನ್ ಮಾಡಬೇಕು’ ಎಂಬುದು ಎಲ್ಲಕ್ಕಿಂತ ಮೇಲೆ ಬರಲಿ, ನೊಬೆಲ್ ಕೊನೆಗೆ.

ನೀರ್ಚಾಲಿನವಳು · ರಾತ್ರಿ 8.47

ಎಲ್ಲವನ್ನೂ ಅಮ್ಮನಿಗೆ ಓದಿದೆ. ಕಪ್ಪೆಯ ಮೊಟ್ಟೆಯ ಭಾಗವನ್ನು ಎರಡು ಸಲ ಓದಿಸಿದಳು. ಸುರಂಗದ ಅಜ್ಜನ ಮಾತಿಗೆ ಏನೂ ಹೇಳದೆ ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಅದಕ್ಕೆ ದಾರಿ ಕೊರೆಯುವುದಕ್ಕೂ ಗೊತ್ತು, ನನಗೆ ಕುಡಿಯುವುದಕ್ಕೂ ಗೊತ್ತಿಲ್ಲ’ ಎಂದು ನಕ್ಕಳು.

ಅತ್ತೆ ಹೇಳಿದಂತೆ ಗಾಜಿನ ಲೋಟ ಕೊಟ್ಟೆ. ಬೆಳಗ್ಗಿನಿಂದ ಏಳಾಯಿತು, ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ಸಿಲಿನಿಂದ ಗೀಟು ಹಾಕುತ್ತಿದ್ದಾಳೆ, ಅಂಗನವಾಡಿಯಲ್ಲಿ ಮಕ್ಕಳ ಹಾಜರಿ ಹಾಕುತ್ತಿದ್ದ ಹಾಗೆ. ಸಂದೇಶ ಕಳುಹಿಸಿದ ಚಿಕ್ಕಮ್ಮನಿಗೆ ತಾನೇ ಫೋನ್ ಮಾಡಿ ಅರ್ಧ ಗಂಟೆ ಮಾತನಾಡಿದಳು. ನಾನು ಅಡುಗೆಮನೆಯಲ್ಲಿದ್ದೆ, ‘ಪಂಪಲ್ಲ ಮಾರಾಯ್ತಿ, ಬಾಗಿಲು, ಬಾಗಿಲು’ ಎಂಬುದು ಮಾತ್ರ ಕೇಳಿಸಿತು.

ಮಾಷ್ಟ್ರೇ, ಆ ಪುಟ ಸಿದ್ಧವಾದರೆ ಮೂವತ್ತು ಪ್ರತಿ ನಮಗಿರಲಿ. ಮೂರನೆಯ ಸುತ್ತಿಗೆ ಹೋಗುವಾಗ ಬಸ್ಸಿನಲ್ಲಿ ನಮ್ಮ ಕಡೆಯವರು ಇನ್ನೂ ನಾಲ್ಕು ಜನ ಇರುತ್ತಾರೆ.